ಓದದವರ ಭಿನ್ನಾಭಿಪ್ರಾಯ: ಕೊಪ್ಪಳ ಜಿಲ್ಲೆಯ ವಿಮರ್ಶಾ ಪರಂಪರೆ ಕುರಿತು ಒಂದು ತಜ್ಞ ವರದಿ

ಆಟ ಗೊತ್ತಿಲ್ಲದವರು ಆಟದ ಕಾದಂಬರಿಯ ಬಗ್ಗೆ ಮಾತಾಡಬಹುದೋ ಬಾರದೋ ಎಂಬ ತಕರಾರು 1925ರಲ್ಲೇ ಇತ್ಯರ್ಥವಾಗಿದೆ. ಅಮೆರಿಕದಲ್ಲಿ ರಿಂಗ್ ಲಾರ್ಡ್ನರ್ ಎಂಬ ಪತ್ರಕರ್ತನಿದ್ದ. ಅವನ ‘ಯು ನೋ ಮಿ ಆಲ್’ ಎಂಬ ನಗೆಕಾದಂಬರಿ 1916ರಲ್ಲಿ ಪುಸ್ತಕವಾಗಿ ಬಂತು. ಜಾಕ್ ಕೀಫ್ ಎಂಬ ಬೇಸ್‌ಬಾಲ್ ಆಟಗಾರ ಇಂಡಿಯಾನಾ ಸೀಮೆಯ ಬೆಡ್‌ಫರ್ಡ್ ಎಂಬ ಸಣ್ಣ ಊರಿನ ಗೆಳೆಯನಿಗೆ ಬರೆಯುವ ಕಾಗದಗಳೇ ಆ ಪುಸ್ತಕ. ಚೆಂಡೆಸೆಯುವುದು ಅವನ ಕಸುಬು, ಬಡಾಯಿ ಅವನ ಹವ್ಯಾಸ, ಕಾಗುಣಿತ ಅವನ ಶತ್ರು. ಗೆದ್ದರೆ ತಾನು ಗೆದ್ದದ್ದು, ಸೋತರೆ ಉಳಿದ ಎಂಟು ಜನ ಸೋತದ್ದು. ಬೇಸ್‌ಬಾಲಿನ ಗಂಧಗಾಳಿ ಇಲ್ಲದ ಇಂಗ್ಲೆಂಡಿನಲ್ಲಿ ಕೂತು ವರ್ಜೀನಿಯಾ ವುಲ್ಫ್ 1925ರ ಒಂದು ಪ್ರಬಂಧದಲ್ಲಿ ಇದನ್ನು ಮನಸಾರೆ ಮೆಚ್ಚಿದರು. ಆಟವನ್ನು ಅರೆದು ಕುಡಿದಿದ್ದ ಅಮೆರಿಕದಲ್ಲಿ ಲಾರ್ಡ್ನರನನ್ನು ಕ್ರೀಡಾಪುಟದಲ್ಲೇ ಕೂಡಿಸಿದವರು ಬಹಳ ಮಂದಿ. ಇವೆರಡನ್ನೂ ಸೇರಿಸಿ ನೋಡಿದರೆ ಓದುಗರಲ್ಲಿ ಎರಡು ವರ್ಗ ಕಾಣುತ್ತದೆ: ಆಟ ಬಾರದೆಯೂ ನಗುವವರು, ಆಟ ಬಂದೂ ನಗದವರು. ಪುಸ್ತಕವನ್ನೇ ಓದದೆ ಎರಡೂ ಕಡೆ ನಿಂತು ಜಗಳಾಡುವ ಮೂರನೆಯ ವರ್ಗದ ಕಡೆ ಜಗತ್ತಿನ ವಿಶ್ವವಿದ್ಯಾಲಯಗಳು ಗಮನ ಹರಿಸಿಲ್ಲ. ಅವುಗಳಿಗೆ ಕೊಪ್ಪಳದ ಬಸ್ಸು ಸಿಕ್ಕಂತಿಲ್ಲ.

ಈ ಅಧ್ಯಯನಕ್ಕೆ ಕೊಪ್ಪಳವೇ ಏಕೆ ಎಂದು ಕೇಳುವವರು ಒಮ್ಮೆ ನಕ್ಷೆ ಬಿಚ್ಚಬೇಕು. ಬೇಸ್‌ಬಾಲ್ ಮೈದಾನ ವಜ್ರಾಕಾರದ್ದು. ಕೆಳಗೆ ಹೋಂ ಪ್ಲೇಟು, ಬಲಕ್ಕೆ ಮೊದಲ ಬೇಸು, ನೆತ್ತಿಯಲ್ಲಿ ಎರಡನೆಯದು, ಎಡಕ್ಕೆ ಮೂರನೆಯದು. 1997ರಲ್ಲಿ ರಾಯಚೂರಿನಿಂದ ಬಿಡಿಸಿ ಕೊಪ್ಪಳ ಜಿಲ್ಲೆ ಮಾಡಿದಾಗ ಅದರಲ್ಲಿ ಇದ್ದದ್ದು ಸರಿಯಾಗಿ ನಾಲ್ಕು ತಾಲೂಕು: ದಕ್ಷಿಣಕ್ಕೆ ಕೊಪ್ಪಳ, ಪೂರ್ವಕ್ಕೆ ಗಂಗಾವತಿ, ಉತ್ತರಕ್ಕೆ ಕುಷ್ಟಗಿ, ಪಶ್ಚಿಮಕ್ಕೆ ಯಲಬುರ್ಗಾ. ಕೊಪ್ಪಳದಿಂದ ಹೊರಟು ಗಂಗಾವತಿ ಮುಟ್ಟಿ, ಕುಷ್ಟಗಿ ತಟ್ಟಿ, ಯಲಬುರ್ಗಾ ದಾಟಿ ತಿರುಗಿ ಕೊಪ್ಪಳ ಸೇರಿದರೆ ಒಂದು ರನ್ನು. ಸರ್ಕಾರಿ ಬಸ್ಸಿನಲ್ಲಿ ಒಂದೇ ದಿನ ಈ ರನ್ನು ತೆಗೆಯಲು ನೋಡಿದವರಿಗೆ ಬೇಸ್‌ಬಾಲ್ ಎಂಥ ಕಠಿಣ ಆಟ ಎಂದು ವಿವರಿಸಬೇಕಾಗಿಲ್ಲ. ಇದನ್ನು ಕಾಕತಾಳೀಯ ಎನ್ನುವ ವಿದ್ವಾಂಸರೂ ಇದ್ದಾರೆ, ಅವರೆಲ್ಲ ಹೊಳೆಯಾಚೆಯವರು. ಮುಂದೆ ಸರ್ಕಾರ ಕುಕನೂರು, ಕನಕಗಿರಿ, ಕಾರಟಗಿಗಳನ್ನೂ ತಾಲೂಕು ಮಾಡಿತು. ಏಳು ಬೇಸಿನ ಬೇಸ್‌ಬಾಲನ್ನು ಆಡುವುದು ಹೇಗೆಂಬ ಸುತ್ತೋಲೆ ಇನ್ನೂ ಹೊರಬೀಳದ ಕಾರಣ ಈ ವರದಿ ಹಳೆಯ ನಾಲ್ಕಕ್ಕೇ ಸೀಮಿತ.

ಮೈದಾನವೇನೋ ಸಿಕ್ಕಿತು. ಆಟದ ಪುಸ್ತಕ ಬೇಕಲ್ಲ. ಇಲ್ಲಿ ಬೇಸ್‌ಬಾಲ್ ಇಲ್ಲ. ಚಿಣಿಫಣಿ ಇದೆ, ಕ್ರಿಕೆಟ್ ಇದೆ, ಮಳೆ ಕೈಕೊಟ್ಟ ವರ್ಷ ಕೆರೆಯಂಗಳದಲ್ಲಿ ವಿಶಾಲವಾದ ಕ್ರಿಕೆಟ್ ಇದೆ. ಆದ್ದರಿಂದ ಸಣ್ಣ ಊರು, ಚೆಂಡು, ನಗೆ ಮೂರೂ ಇರುವ ಹತ್ತಿರದ ಕಾದಂಬರಿಯೆಂದು ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಆರಿಸಲಾಯಿತು. ಮೈಸೂರಿನಲ್ಲಿ ಕೂತು ಇಂಗ್ಲಿಷಿನಲ್ಲಿ ಬರೆದದ್ದು, ಗ್ರಹಾಂ ಗ್ರೀನ್ ಅವರ ಪ್ರಯತ್ನದಿಂದ 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದು. ಮಾಲ್ಗುಡಿ ಎಂಬ ಊರಿನ ಹುಡುಗರು ಕ್ರಿಕೆಟ್ ಕ್ಲಬ್ಬು ಕಟ್ಟಿ, ಅದಕ್ಕೆ ಎಂ.ಸಿ.ಸಿ. ಎಂದು ಹೆಸರಿಟ್ಟು, ವೈ.ಎಂ.ಯು. ಎಂಬ ಇನ್ನೊಂದು ತಂಡಕ್ಕೆ ಸವಾಲು ಹಾಕುತ್ತಾರೆ. ಬೌಲರ್ ಸ್ವಾಮಿಗೆ ಇಂಗ್ಲೆಂಡಿನ ಮಾರಿಸ್ ಟೇಟ್ ಅವರ ಹೆಸರನ್ನೇ ಹೊರಿಸಿರುತ್ತಾರೆ. ಪಂದ್ಯದ ಹೊತ್ತಿಗೆ ಅವನು ಹೆಡ್‌ಮಾಸ್ತರರ ಬೆತ್ತ ಕಸಿದು ಕಿಟಕಿಯಾಚೆ ಎಸೆದು, ಊರು ಬಿಟ್ಟು, ಕಾಡಿನಲ್ಲಿ ದಾರಿ ತಪ್ಪಿರುತ್ತಾನೆ. ತಂಡ ಸೋಲುತ್ತದೆ. ಕ್ಯಾಪ್ಟನ್ ರಾಜಂ ಮಾತು ಬಿಡುತ್ತಾನೆ.

ಅಧ್ಯಯನದ ವಿಧಾನ ಸರಳ. ಬಸ್ ನಿಲ್ದಾಣ, ಕ್ಷೌರದ ಅಂಗಡಿ, ಮಿರ್ಚಿ ಬಂಡಿ ಮತ್ತು ಪುಸ್ತಕ ಬಿಡುಗಡೆ ಸಮಾರಂಭಗಳಲ್ಲಿ ಇಬ್ಬಗೆಯ ಪ್ರಶ್ನೆ ಕೇಳಲಾಯಿತು. ಕಾದಂಬರಿ ಹೇಗಿದೆ? ಓದಿದ್ದೀರಾ? ಮೊದಲನೆಯದಕ್ಕೆ ಉತ್ತರ ಕೂಡಲೇ ಬರುತ್ತಿತ್ತು. ಎರಡನೆಯದಕ್ಕೆ ‘ನಿಮ್ಮ ಊರು ಯಾವುದ್ರೀ?’ ಎಂಬ ಮರುಪ್ರಶ್ನೆ ಬರುತ್ತಿತ್ತು. ಶೇಕಡಾವಾರು ಲೆಕ್ಕ ಕೊಟ್ಟಿಲ್ಲ. ಒಬ್ಬೊಬ್ಬರೂ ಎರಡೆರಡು ಅಭಿಪ್ರಾಯ ಇಟ್ಟುಕೊಂಡಿರುವುದರಿಂದ ಮೊತ್ತ ನೂರಕ್ಕೆ ಇನ್ನೂರು ಬರುತ್ತದೆ.

ಓದದೆ ಅಭಿಪ್ರಾಯ ಹೇಳುವುದನ್ನು ಬೆಂಗಳೂರಿನ ಕೆಲವರು ದೋಷವೆಂದು ತಿಳಿದಿದ್ದಾರೆ. ಇಲ್ಲಿ ಅದು ದಾಖಲೆಯುಳ್ಳ ಹಕ್ಕು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ಗಡಿ ಹೇಳಿ, ಅದರ ತಿರುಳು ಸಿಗುವ ನಾಲ್ಕು ಊರು ಹೆಸರಿಸಿದೆ. ಅದರಲ್ಲಿ ಕೊಪಣ ನಗರ, ಅಂದರೆ ನಮ್ಮ ಕೊಪ್ಪಳ, ಒಂದು. ಅದೇ ಪುಸ್ತಕ ಇನ್ನೂ ಒಂದು ಮಾತು ಹೇಳುತ್ತದೆ. ಈ ನಾಡಿನ ಜನ ಬೇಕೆಂದೇ ಓದದಿದ್ದರೂ ಕಾವ್ಯದ ಬಳಕೆಯಲ್ಲಿ ನುರಿತ ಬುದ್ಧಿಯವರಂತೆ. ಪಂಡಿತರು ಇದನ್ನು ಹೊಗಳಿಕೆಯೆಂದು ಅರ್ಥೈಸಿದ್ದಾರೆ. ವರದಿಗಾರನ ನಮ್ರ ಅಭಿಪ್ರಾಯದಲ್ಲಿ ಇದು ವಿನಾಯಿತಿ ಆದೇಶ. ರಾಷ್ಟ್ರಕೂಟರ ಆಸ್ಥಾನದಿಂದ ಹೊರಬಿದ್ದು, ಈವರೆಗೂ ರದ್ದಾಗಿಲ್ಲ.

ಇದಕ್ಕೂ ಹಿಂದಿನ ದಾಖಲೆ ಬೇಕಾದವರು ಗವಿಮಠದ ಗುಡ್ಡ ಹತ್ತಬೇಕು, ಅಥವಾ ಪಾಲ್ಕಿಗುಂಡಿಗೆ ಹೋಗಬೇಕು. ಎರಡೂ ಕಡೆ ಅಶೋಕನ ಕಿರು ಬಂಡೆಶಾಸನವಿದೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಅದರಲ್ಲಿ ಚಕ್ರವರ್ತಿ ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತೆಂದೂ, ಆದರೆ ಒಂದು ವರ್ಷ ತಾನು ಅಷ್ಟಾಗಿ ಶ್ರಮಿಸಲಿಲ್ಲವೆಂದೂ ಬರೆಸಿದ್ದಾನೆ. ಕೆಲಸಕ್ಕೆ ಸೇರಿದ ಒಂದು ವರ್ಷ ತಾನೇನೂ ಮಾಡಲಿಲ್ಲವೆಂದು ಅಧಿಕಾರಿಯೊಬ್ಬ ಕಲ್ಲಿನ ಮೇಲೆ, ಸಾರ್ವಜನಿಕ ಸ್ಥಳದಲ್ಲಿ ಒಪ್ಪಿಕೊಂಡ ಈ ಬರಹವೇ ಕೊಪ್ಪಳ ಜಿಲ್ಲೆಯ ಮೊದಲ ಹಾಸ್ಯಕೃತಿ. ಅಂಥದ್ದು ಆಮೇಲೆ ಯಾವ ಕಚೇರಿಯ ಗೋಡೆಯ ಮೇಲೂ ಕಾಣಿಸಿಕೊಂಡಿಲ್ಲ. ಕಾಲ ಕಳೆದಂತೆ ಆ ಲಿಪಿ ಓದಬಲ್ಲವರೇ ಇಲ್ಲವಾದರು. ಹತ್ತಾರು ತಲೆಮಾರು ಅದರ ಪಕ್ಕದಲ್ಲೇ ದನ ಮೇಯಿಸಿ, ಬುತ್ತಿ ಬಿಚ್ಚಿ, ಅದರೊಳಗೆ ಏನಿರಬಹುದೆಂದು ಚರ್ಚಿಸಿರಬೇಕು. ನಿಧಿಯ ಗುರುತು ಎಂದು ಒಂದು ಪಕ್ಷ, ದೆವ್ವ ಕಟ್ಟಿದ ಮಂತ್ರ ಎಂದು ಇನ್ನೊಂದು. ಕೃತಿ ಓದದೆ ಎರಡು ಬಣವಾಗುವ ಶಿಸ್ತು ಇಲ್ಲಿ ಬೇರುಬಿಟ್ಟದ್ದು ಹೀಗೆ.

ಹೋಂ ಪ್ಲೇಟಿನಿಂದಲೇ ಶುರು ಮಾಡೋಣ. ಕೊಪ್ಪಳದ ಓದುಗರು ಕಾದಂಬರಿಯನ್ನು ಶಿಸ್ತಿನ ದೃಷ್ಟಿಯಿಂದ ನೋಡುತ್ತಾರೆ, ಏಕೆಂದರೆ ಅವರಲ್ಲಿ ನಿವೃತ್ತ ಹೆಡ್‌ಮಾಸ್ತರರು ಹೆಚ್ಚು. ಸ್ವಾಮಿ ಶಾಲೆ ಬಿಟ್ಟ ಮೇಲಿನ ಡ್ರಿಲ್ಲಿಗೆ ಚಕ್ಕರ್ ಹಾಕಿ ಕ್ರಿಕೆಟ್ ಅಭ್ಯಾಸಕ್ಕೆ ಓಡುತ್ತಾನೆ. ಅದಕ್ಕೆ ವೈದ್ಯರಿಂದ ಸರ್ಟಿಫಿಕೇಟು ಗಿಟ್ಟಿಸಲು ನೋಡುತ್ತಾನೆ, ತನಗೆ ಸನ್ನಿಯಾಗಿದೆ ಎಂದು ತಾನೇ ರೋಗವನ್ನು ಸೂಚಿಸುತ್ತಾನೆ. ಈ ಭಾಗಕ್ಕೆ ಲಂಡನ್ನಿನವರು ನಕ್ಕಿರಬಹುದು. ಕೊಪ್ಪಳದಲ್ಲಿ ಇದನ್ನು ಕೇಳಿದ ಒಬ್ಬ ಹಿರಿಯರು ಮುಖ ಗಂಟಿಕ್ಕಿ, ‘ಮೆಡಿಕಲ್ ಸರ್ಟಿಫಿಕೇಟು ಸುಳ್ಳು ಅಂತ ಬರದಾನಂದ್ರ ಇಲಾಖೆ ಮರ್ಯಾದಿ ಏನಾತು?’ ಎಂದರು. ಅವರ ಸೇವಾ ಪುಸ್ತಕದಲ್ಲಿ ವೈದ್ಯಕೀಯ ರಜೆಗಳೆಲ್ಲ ಶ್ರಾವಣದಲ್ಲೇ ಬಿದ್ದಿದ್ದವು ಎಂಬುದು ಪ್ರಸ್ತುತವಲ್ಲ. ಅವರ ಬಣದ ಪ್ರಕಾರ ಈ ಕಾದಂಬರಿಯ ನಾಯಕ ಬೋರ್ಡ್ ಹೈಸ್ಕೂಲಿನ ಹೆಡ್‌ಮಾಸ್ತರ. ಬೆತ್ತ ಕಿಟಕಿಯಾಚೆ ಬಿದ್ದ ಮೇಲೆ ಆ ಬೆತ್ತದ ಗತಿ ಏನಾಯಿತೆಂದು ಲೇಖಕ ಹೇಳಿಲ್ಲ. ದಾಸ್ತಾನು ಪುಸ್ತಕದಲ್ಲಿ ಅದನ್ನು ಹೇಗೆ ಕಡಿತ ಮಾಡಿದರು?

ಎದುರು ಬಣದ್ದು ಇತಿಹಾಸದ ತಕರಾರು. ಕಾದಂಬರಿಯಲ್ಲಿ ಮಾಲ್ಗುಡಿಯ ಸರಯೂ ನದಿಯ ದಂಡೆಯ ಮೇಲೆ ಚಳವಳಿಯ ಸಭೆ ಸೇರುವ ದಿನ 1930ರ ಆಗಸ್ಟ್ 15. ನಾಡಿನ ಉಳಿದ ಕಡೆ ಇದನ್ನು ಲೇಖಕನ ಮುನ್ನೋಟ ಎಂದು ಬೆರಗುಪಡುವವರಿದ್ದಾರೆ. ಕೊಪ್ಪಳದವರು ಬೆರಗುಪಡಲು ಒಪ್ಪುವುದಿಲ್ಲ. ನಿಜಾಮರ ಸೀಮೆಯಲ್ಲಿದ್ದ ಇಲ್ಲಿಗೆ ಸ್ವಾತಂತ್ರ್ಯ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. ಅಂದಮೇಲೆ ಲೇಖಕನ ಮುನ್ನೋಟ ಹದಿಮೂರು ತಿಂಗಳು ಎರಡು ದಿನ ತಪ್ಪಿದೆ, ಈ ಭಾಗಕ್ಕೆ ಆದ ಅನ್ಯಾಯಗಳ ಪಟ್ಟಿಗೆ ಇದನ್ನೂ ಸೇರಿಸಬೇಕು ಎಂಬುದು ಅವರ ಮನವಿ. ಅದರಲ್ಲಿ ಒಂದು ಸತ್ಯಾಂಶ ಉಂಟು. ಪುಸ್ತಕ ಹೊರಬಂದ 1935ರಲ್ಲಿ ಕೊಪ್ಪಳ ಸಾಲಾರ್ ಜಂಗರ ಜಹಗೀರು, ಶಾಲೆಯಲ್ಲಿ ಉರ್ದು. ಮೈಸೂರು ಸೀಮೆಯ ಹುಡುಗರು ಯಾವ ಭಾಷೆಯಲ್ಲಿ ನಗಬೇಕೆಂದು ಆರಿಸಿಕೊಳ್ಳುತ್ತಿದ್ದಾಗ ಇಲ್ಲಿನ ಹುಡುಗರು ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಭಾಷೆಯಲ್ಲಿ ಬೈಸಿಕೊಳ್ಳುತ್ತಿದ್ದರು.

ಪುಸ್ತಕ ಓದಿದ್ದೇವೆಂದು ಪ್ರಾಮಾಣಿಕವಾಗಿ ನಂಬಿರುವ ಒಂದು ದೊಡ್ಡ ಗುಂಪೂ ಕೊಪ್ಪಳದಲ್ಲಿದೆ. ವಿಚಾರಿಸಿದಾಗ ಅವರು ಓದಿದ್ದು ದೂರದರ್ಶನ ಎಂದು ತಿಳಿಯಿತು. ಶಂಕರ್‌ನಾಗ್ 1986ರ ಸುಮಾರಿಗೆ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿದ್ದ, ಗಿರೀಶ್ ಕಾರ್ನಾಡರು ಅಪ್ಪ. ಇವರಿಗೆ ಕಾದಂಬರಿಯ ಮೇಲೆ ಎರಡು ಗಂಭೀರ ಆಕ್ಷೇಪಗಳಿವೆ. ಒಂದು, ಅದರಲ್ಲಿ ಎಲ್. ವೈದ್ಯನಾಥನ್ ಅವರ ಸಂಗೀತವಿಲ್ಲ. ಎರಡು, ಮಳೆ ಕಡಿಮೆ. ಬಯಲುಸೀಮೆಯ ಓದುಗನಿಗೆ ಕಾದಂಬರಿಯಲ್ಲಾದರೂ ಮಳೆ ಕೊಡಬೇಕಾದದ್ದು ಲೇಖಕನ ಧರ್ಮವಾಗಿತ್ತು.

ಮೊದಲ ಬೇಸಾದ ಗಂಗಾವತಿಗೆ ಬಂದರೆ ವಾತಾವರಣವೇ ಬೇರೆ. ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿ. ಇಲ್ಲಿ ಕೃತಿಯನ್ನು ತೂಕಕ್ಕೆ ಹಾಕಿ ನೋಡುತ್ತಾರೆ. ಗಂಗಾವತಿಯ ವಿಮರ್ಶಕರಿಗೆ ಇಡೀ ಕಾದಂಬರಿಯಲ್ಲಿ ಮನಸ್ಸಿಗೆ ಹತ್ತಿದ ಪ್ರಸಂಗ ಒಂದೇ, ಅದು ವ್ಯಾಪಾರದ್ದು. ಹುಡುಗರು ಬ್ಯಾಟು ಚೆಂಡುಗಳಿಗೆ ಮದ್ರಾಸಿನ ಬಿನ್ಸ್ ಕಂಪನಿಗೆ ಕಾಗದ ಬರೆಯುತ್ತಾರೆ. ಕಂಪನಿ ಶೇಕಡಾ 25 ಮುಂಗಡ ಕೇಳುತ್ತದೆ. ಅಂಥ ಕಾಗದ ತಮಗೆ ಬರಲು ಸಾಧ್ಯವೇ ಇಲ್ಲ, ವಿಳಾಸ ತಪ್ಪಿ ಬಂದಿದೆ ಎಂದು ತೀರ್ಮಾನಿಸಿ ಹುಡುಗರು ಅದನ್ನು ವಾಪಸು ಕಳಿಸುತ್ತಾರೆ. ಇಲ್ಲಿ ಗಂಗಾವತಿ ಸರಿಯಾಗಿ ಎರಡು ಹೋಳು. ಗಿರಣಿ ಮಾಲೀಕರ ಪಕ್ಷ ಕಂಪನಿಯ ಪರ: ‘ಇಪ್ಪತ್ತೈದಕ್ಕ ಬಿಟ್ಟಾರಂದ್ರ ದೊಡ್ಡ ಮನಸ್ಸು, ನಾವಾಗಿದ್ರ ಪೂರಾ ಕೇಳ್ತಿದ್ವಿ.’ ಭತ್ತ ಹಾಕಿ ಬಾಕಿಗೆ ಅಲೆಯುವ ರೈತರ ಪಕ್ಷ ಹುಡುಗರ ಪರ. ಬೇಡದ ಕಾಗದವನ್ನು ವಿಳಾಸ ತಪ್ಪಿದೆ ಎಂದು ವಾಪಸು ಕಳಿಸುವ ಉಪಾಯ ಸಾಲದ ನೋಟಿಸಿಗೂ ನಡೆದೀತೇ ಎಂದು ಅವರು ಆಸಕ್ತಿಯಿಂದ ಕೇಳಿದರು. ಕಾದಂಬರಿಯೊಂದು ಓದುಗನ ಬದುಕಿಗೆ ದಾರಿದೀಪವಾಗಬೇಕು ಎನ್ನುವವರು ಈ ಉದಾಹರಣೆಯನ್ನು ಬರೆದಿಟ್ಟುಕೊಳ್ಳಬಹುದು. ತಂಡ ಕಟ್ಟಿದರೆ ಸರ್ಕಾರಕ್ಕೆ ತೆರಿಗೆ ಕಟ್ಟಬೇಕೇ ಎಂದು ಆ ಹುಡುಗರು ತಲೆಕೆಡಿಸಿಕೊಳ್ಳುವ ಪುಟವಂತೂ ಎರಡೂ ಪಕ್ಷಕ್ಕೆ ಹಾಸ್ಯವಾಗಿ ಕಾಣಲಿಲ್ಲ. ಅದು ಅವರಿಗೆ ಕಣ್ಣೀರು ತರಿಸಿದ ಏಕೈಕ ಭಾಗ.

ಗಂಗಾವತಿಯ ಇನ್ನೊಂದು ವಿಶೇಷ ನಗೆಯ ಪಳಗಿಕೆ. ಹರಪನಹಳ್ಳಿಯಲ್ಲಿ ಹುಟ್ಟಿ, ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ನಗಿಸಿದ ಬೀಚಿಯವರ ನಗೆಪಾತ್ರ ತಿಮ್ಮ ಹೊಳೆ ದಾಟಿ ಬಂದು ಇಲ್ಲಿ ಬೇರು ಬಿಟ್ಟಿದ್ದಾನೆ. ಬೀಚಿಯವರನ್ನು ಗುರುವೆಂದು ಭಾವಿಸಿದ ಹಾಸ್ಯ ಭಾಷಣಕಾರ ಗಂಗಾವತಿ ಪ್ರಾಣೇಶ್ ಊರಿನ ಹೆಸರನ್ನು ಕಡಲಾಚೆಗೂ ಒಯ್ದಿದ್ದಾರೆ. ಆದ್ದರಿಂದ ಇಲ್ಲಿಯ ಓದುಗನಿಗೆ ನಗೆ ಹೇಗೆ ಬರುತ್ತದೆಂದು ಚೆನ್ನಾಗಿ ಗೊತ್ತು: ಮೈಕು ಹಿಡಿದವರು ಒಂದು ಮಾತು ಹೇಳಿ ನಿಲ್ಲಿಸುತ್ತಾರೆ, ನೀರು ಕುಡಿಯುತ್ತಾರೆ, ಆಗ ನಗಬೇಕು. ನಾರಾಯಣರು ಎಲ್ಲಿಯೂ ನಿಲ್ಲಿಸುವುದಿಲ್ಲ, ನೀರು ಕುಡಿಯುವುದಿಲ್ಲ. ‘ಎಲ್ಲಿ ನಗಬೇಕಂತ ಗೊತ್ತೇ ಆಗಂಗಿಲ್ರೀ, ಒಬ್ಬನ ಓದಾಕ ಕುಂತು ತಪ್ಪ ಜಾಗದಾಗ ನಕ್ರ ಮಂದಿ ಏನಂತಾರ?’ ಎಂಬ ಅಳಲು ವ್ಯಾಪಕ. ವರದಿಗಾರ ಇದನ್ನು ಲಘುವಾಗಿ ತೆಗೆದುಕೊಂಡಿಲ್ಲ. ಸಾವಿರ ಜನರ ಜೊತೆ ನಗುವುದಕ್ಕೆ ಟಿಕೆಟ್ಟು ಸಾಕು. ಒಬ್ಬನೇ ಕೂತು ನಗುವುದಕ್ಕೆ ಮನೆಯವರ ಅನುಮತಿಯೂ ಬೇಕಾಗುತ್ತದೆ.

ಮಾಲ್ಗುಡಿ ಎಲ್ಲಿದೆ ಎಂಬ ಹಳೆಯ ಜಗಳಕ್ಕೂ ಗಂಗಾವತಿಯವರೇ ಮುಕ್ತಾಯ ಹಾಡಬಲ್ಲರು. ಮೈಸೂರಿನವರು ತಮ್ಮದೆನ್ನುತ್ತಾರೆ, ಆಗುಂಬೆಯವರು ತಮ್ಮದೆನ್ನುತ್ತಾರೆ, ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣವಂತೂ ಮಾಲ್ಗುಡಿ ಮ್ಯೂಸಿಯಂ ಆಗಿಯೇ ಹೋಗಿದೆ. ಹುಟ್ಟೂರಿನ ವ್ಯಾಜ್ಯಗಳಲ್ಲಿ ಗಂಗಾವತಿಗಿರುವ ಅನುಭವ ಇವರಾರಿಗೂ ಇಲ್ಲ. 2021ರಲ್ಲಿ ತಿರುಮಲದವರು ಹನುಮಂತ ಹುಟ್ಟಿದ್ದು ತಮ್ಮ ಅಂಜನಾದ್ರಿಯಲ್ಲಿ ಎಂದು ಘೋಷಿಸಿದಾಗ ಆನೆಗೊಂದಿಯ ಅಂಜನಾದ್ರಿಯ ಪರವಾಗಿ ಇಲ್ಲಿಯವರು ನಿಂತ ರೀತಿಯನ್ನು ದೇಶವೇ ನೋಡಿದೆ. ಅದೇ ತರ್ಕ ಹಚ್ಚಿದರೆ ಸರಯೂ ಎಂಬುದು ತುಂಗಭದ್ರೆಯೇ, ಮೆಂಪಿ ಕಾಡು ಆನೆಗೊಂದಿಯ ಗುಡ್ಡಗಳೇ. ಸ್ವಾಮಿ ಅಲ್ಲಿ ದಾರಿ ತಪ್ಪಿದ್ದೂ ಸಹಜ, ದಾರಿಯ ನಾಮಫಲಕಗಳ ಮೇಲೆಲ್ಲ ಹುಟ್ಟುಹಬ್ಬದ ಫ್ಲೆಕ್ಸು ಇರುತ್ತವೆ. ಇದಕ್ಕೆ ಗಂಗಾವತಿಯೊಳಗೇ ಒಂದು ವಿರೋಧ ಎದ್ದಿದೆ. ತುಂಗಭದ್ರೆಯಾಗಿದ್ದರೆ ಕಾದಂಬರಿಯಲ್ಲಿ ಗೇಟು ಇರಬೇಕಿತ್ತು. 2024ರ ಆಗಸ್ಟಿನಲ್ಲಿ ಅಣೆಕಟ್ಟೆಯ 19ನೇ ಗೇಟು ಸರಪಳಿ ಕಡಿದು ಕೊಚ್ಚಿಹೋಗಿ, ಸುಗ್ಗಿಯ ನೀರೆಲ್ಲ ಕಣ್ಣೆದುರು ಹರಿದು, ಕಡೆಗೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸುವವರೆಗೆ ಎಡದಂಡೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ‘ಅದು ಕಾದಂಬರಿ! ಇವರದೇನು, ಒಂದು ಕ್ರಿಕೆಟ್ ಮ್ಯಾಚು ಸೋತ್ರಂತ ಅಷ್ಟು ಪುಟ!’ ಎಂಬುದು ಈ ವಿರೋಧಿಗಳ ಮಾತು.

ಎರಡನೆಯ ಬೇಸು ಕುಷ್ಟಗಿಗೆ ಕಾಲುವೆಯೂ ಇಲ್ಲ, ಮೈಕಿನವರೂ ಇಲ್ಲ. ಕೆಂಪು ನೆಲ, ದಾಳಿಂಬೆ, ಬೋರ್‌ವೆಲ್ಲು, ಹೆದ್ದಾರಿ. ಇಲ್ಲಿಯ ಓದುಗರು ಪುಸ್ತಕದ ಕೊನೆಯ ಪುಟದ ಮೇಲೆ ಮಾತ್ರ ಭಿನ್ನಾಭಿಪ್ರಾಯ ಇಟ್ಟುಕೊಂಡಿದ್ದಾರೆ. ಅದು ಅವರ ಮಿತವ್ಯಯ. ಕೊನೆಯಲ್ಲಿ ಪೊಲೀಸ್ ಅಧಿಕಾರಿಯಾದ ಅಪ್ಪನಿಗೆ ವರ್ಗವಾಗಿ ರಾಜಂ ರೈಲಿನಲ್ಲಿ ಊರು ಬಿಡುತ್ತಾನೆ. ಮುನಿಸು ಮುಗಿಸಲು ಸ್ವಾಮಿ ಅವನಿಗೆ ಕೊಡಲೆಂದು ಆಂಡರ್ಸನ್ನನ ಕಥೆಗಳ ಪುಸ್ತಕ ಹಿಡಿದು ಓಡುತ್ತಾನೆ. ವರ್ಗಾವಣೆಯ ಭಾಗ ಕುಷ್ಟಗಿಗೆ ಸಲೀಸಾಗಿ ಅರ್ಥವಾಯಿತು, ಇಲ್ಲಿಗೆ ಬರುವ ಅಧಿಕಾರಿಗಳು ಹಾಜರಾದ ದಿನವೇ ವಾಪಸು ಹೋಗುವ ದಾರಿ ಕೇಳುತ್ತಾರೆ. ರೈಲಿನ ಭಾಗ ಮಾತ್ರ ಬಹುಕಾಲ ಬಿಡಿಸಲಾಗದ ಒಗಟಾಗಿತ್ತು. ಬೀಳ್ಕೊಡುವುದಕ್ಕೆ ರೈಲೇ ಏಕೆ ಬೇಕು? ಬಸ್ಸಿನಲ್ಲಾದರೆ ಚಾಲಕ ಇಂಜಿನ್ ಶುರು ಮಾಡಿ, ಇಳಿದು, ಚಹಾ ಕುಡಿದು, ಮತ್ತೆ ಹತ್ತುವುದರೊಳಗೆ ರಾಜಂ ಮತ್ತು ಸ್ವಾಮಿ ರಾಜಿಯಾಗಿ, ಇನ್ನೊಂದು ಸಲ ಜಗಳಾಡಿ, ಮತ್ತೊಂದು ಸಲ ರಾಜಿಯಾಗಬಹುದಿತ್ತು. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ಪ್ಯಾಸೆಂಜರ್ ರೈಲು ಬಂತು. ಹಾರ ತುರಾಯಿ ಮುಗಿದು ಅದು ಸದ್ದಿಲ್ಲದೆ ಹೊರಟು ಹೋದಾಗ, ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ತೊಂಬತ್ತು ವರ್ಷ ಹಿಂದಿನ ಕಾದಂಬರಿಯ ಕೊನೆಯ ಪುಟ ಹೊಳೆಯಿತು. ಸಾಹಿತ್ಯ ವಿಮರ್ಶೆಗೆ ರೈಲ್ವೆ ಇಲಾಖೆ ನೀಡಿದ ಕೊಡುಗೆಯ ಬಗ್ಗೆ ಪ್ರತ್ಯೇಕ ವರದಿ ಬರೆಯಬೇಕಿದೆ.

ಆದರೂ ಅಲ್ಲಿ ಒಂದು ಬಣ ಒಪ್ಪಿಲ್ಲ. ಅವರು ತಾವರಗೇರಾ, ಹನಮಸಾಗರ ಕಡೆಯವರು, ಗುಳೆ ಹೋಗಿ ಬಂದವರು. ಮಂಗಳೂರಿಗೋ ಗೋವಾಕ್ಕೋ ಬೆಂಗಳೂರಿಗೋ ಹೋಗುವ ರಾತ್ರಿ ಬಸ್ಸಿನಲ್ಲಿ ಹಾಸಿಗೆ ಸುರುಳಿ, ರೊಟ್ಟಿ ಗಂಟು, ಮಕ್ಕಳು ಸಮೇತ ಹತ್ತಿದವರು. ತಮಗೆ ಯಾರೂ ಪುಸ್ತಕ ಹಿಡಿದು ಓಡಿ ಬರಲಿಲ್ಲ, ಬಂದಿದ್ದರೂ ಇಡಲು ಜಾಗವಿರಲಿಲ್ಲ ಎಂದು ಅವರು ಹೇಳಿದರು. ಇದನ್ನು ಯಾವ ತಲೆಬರಹದ ಕೆಳಗೆ ಹಾಕಬೇಕೆಂದು ತಿಳಿಯದೆ ‘ಇತರೆ’ ಎಂದು ನಮೂದಿಸಲಾಗಿದೆ.

ಮೂರನೆಯ ಬೇಸು ಯಲಬುರ್ಗಾ ಚಿಕ್ಕದಾಗಿ ಮುಗಿಯುತ್ತದೆ, ಏಕೆಂದರೆ ಅಲ್ಲಿ ಹಳೆಯದಲ್ಲದ ಯಾವುದರ ಬಗ್ಗೆಯೂ ಚರ್ಚೆಗೆ ಒಪ್ಪುವುದಿಲ್ಲ. ಅದು ಎರಂಬರಗೆಯ ಸಿಂದರು ಆಳಿದ ಊರು, ಅದರ ಎದುರು ಮಾಲ್ಗುಡಿಗೆ ಒಂದಾದರೂ ಶಾಸನವಿದೆಯೇ? ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿ, ಐಎಎಸ್ ಅಧಿಕಾರಿಯಾಗಿ, ‘ಕಾವ್ಯಾನಂದ’ ಎಂಬ ಹೆಸರಿನಲ್ಲಿ ಬರೆದ ಸಿದ್ಧಯ್ಯ ಪುರಾಣಿಕರು ತಮ್ಮವರು, ಆದ್ದರಿಂದ ತಾಲೂಕಿನ ಓದಿನ ಪಾಲು ಅವರೇ ಮುಗಿಸಿದ್ದಾರೆ ಎಂಬುದು ಸಾಮಾನ್ಯ ನಂಬಿಕೆ. ವಿಮರ್ಶೆಯ ಮಾನದಂಡ ಕೇಳಿದರೆ ಇಟಗಿಯ ಮಹಾದೇವ ದೇವಾಲಯದ ಕಡೆ ಕೈ ತೋರಿಸುತ್ತಾರೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಅದನ್ನು ಕಟ್ಟಿಸಿದ. 1112ರ ಶಾಸನ ಅದನ್ನು ದೇವಾಲಯಗಳ ಚಕ್ರವರ್ತಿ ಎಂದಿದೆ. ಗುಡಿ ಕಟ್ಟಿಸಿದವರ ಶಾಸನದಲ್ಲೇ ಗುಡಿಯ ಹೊಗಳಿಕೆ! ಬೆನ್ನುಡಿಯನ್ನು ಲೇಖಕನೇ ಬರೆದು ಹಿರಿಯರ ಸಹಿ ಹಾಕಿಸುವ ಇಂದಿನ ಪದ್ಧತಿಗೆ ಇದಕ್ಕಿಂತ ಹಳೆಯ ಆಧಾರ ವರದಿಗಾರನಿಗೆ ಸಿಕ್ಕಿಲ್ಲ. ವ್ಯತ್ಯಾಸ ಒಂದೇ, ಇಟಗಿಯ ಬೆನ್ನುಡಿ ನಿಜವಾಗಿತ್ತು.

ಮೂರೂ ಬೇಸು ಮುಟ್ಟಿಯಾದ ಮೇಲೆ ರನ್ನು ಪೂರ್ತಿ ಮಾಡಲು ಕೊಪ್ಪಳದಲ್ಲಿ ಒಂದು ಸಂವಾದ ಏರ್ಪಾಡಾಯಿತು. 1993ರಲ್ಲಿ ಸಿಂಪಿ ಲಿಂಗಣ್ಣನವರ ಅಧ್ಯಕ್ಷತೆಯ ಸಾಹಿತ್ಯ ಸಮ್ಮೇಳನ ತಮ್ಮೂರಿನಲ್ಲೇ ಆಗಿತ್ತು, ಆದ್ದರಿಂದ ಅಧ್ಯಕ್ಷತೆ ತಮಗೆ ಎಂದು ಕೊಪ್ಪಳದವರು. 2011ರಲ್ಲಿ ಸಿ.ಪಿ. ಕೃಷ್ಣಕುಮಾರ್ ಅಧ್ಯಕ್ಷತೆಯ ಸಮ್ಮೇಳನ ತಮ್ಮಲ್ಲಾಗಿದೆ, ಇತ್ತೀಚಿನದಕ್ಕೇ ಬೆಲೆ ಎಂದು ಗಂಗಾವತಿಯವರು. ವೇದಿಕೆಯ ಮೇಲೆ ಆಸನಗಳು ತುಂಬಿ ಸಭಿಕರ ಕಡೆಯಿಂದ ಕುರ್ಚಿ ತರಿಸಬೇಕಾಯಿತು, ಆಮೇಲೆ ಸಭಿಕರೂ ಕಡಿಮೆಯಾದರು. ಪ್ರಾಸ್ತಾವಿಕ ನುಡಿ ಮುಗಿಯುವಷ್ಟರಲ್ಲಿ ಮಿರ್ಚಿ ಬಂತು, ಮಿರ್ಚಿ ಮುಗಿಯುವಷ್ಟರಲ್ಲಿ ನಾರಾಯಣರು ಹಾಸ್ಯ ಲೇಖಕರೋ ಗಂಭೀರ ಲೇಖಕರೋ ಎಂಬ ಪ್ರಶ್ನೆ ಕೈ ಕೈ ಮಿಲಾಯಿಸುವ ಹಂತ ತಲುಪಿತು. ಹಾಸ್ಯ ಬರೆಯುವವರಿಗೆ ಶಾಲು ಹೊದಿಸಬಹುದು, ಹಾರ ಹಾಕಬಹುದು, ಆದರೆ ಸಾಹಿತ್ಯ ಚರಿತ್ರೆಯಲ್ಲಿ ಪ್ಯಾರಾ ಕೊಡಬಾರದು ಎಂದು ಒಂದು ಪಕ್ಷ. ಪ್ಯಾರಾ ಕೊಡಬಹುದು, ಆದರೆ ಅದನ್ನು ಓದಿ ಯಾರೂ ನಗಬಾರದು ಎಂದು ಇನ್ನೊಂದು. ಎರಡೂ ಪಕ್ಷದ ವಾದದಲ್ಲಿ ಸ್ವಾಮಿಯ ಹೆಸರು ಬರಲಿಲ್ಲ, ಬಂದದ್ದು ಒಂದೇ ಸಲ, ಅದೂ ಗವಿಮಠದ ಸ್ವಾಮಿಗಳ ಜಾತ್ರೆಯ ವಿಚಾರದಲ್ಲಿ.

ಆಗ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೈಸ್ಕೂಲು ಹುಡುಗಿ ಎದ್ದು ನಿಂತು, ತಾನು ಪುಸ್ತಕ ಪೂರಾ ಓದಿರುವುದಾಗಿ ಹೇಳಿದಳು. ಸಭೆ ಗಲಿಬಿಲಿಗೊಂಡಿತು. ಎಲ್ಲಿ ನಕ್ಕೆ ಎಂದು ಕೇಳಿದರು. ಸನ್ನಿಯ ಸರ್ಟಿಫಿಕೇಟಿನ ಹತ್ತಿರ, ಬಿನ್ಸ್ ಕಂಪನಿಯ ಹತ್ತಿರ, ಇನ್ನೂ ಬಹಳ ಕಡೆ ಎಂದಳು. ಕೊನೆಗೆ ಅತ್ತದ್ದೂ ಉಂಟಂತೆ. ಒಂದೇ ಪುಸ್ತಕಕ್ಕೆ ಎರಡೂ ಮಾಡಿದ್ದು ವಿಧಾನದ ದೃಷ್ಟಿಯಿಂದ ಸ್ವೀಕಾರಾರ್ಹವಲ್ಲ. ಕೃತಿಯ ಜೊತೆ ನೇರ ಸಂಪರ್ಕಕ್ಕೆ ಬಂದಿರುವ ಕಾರಣ ಅವಳ ಅಭಿಪ್ರಾಯದಲ್ಲಿ ಪೂರ್ವಗ್ರಹ ಸೇರಿರಬಹುದೆಂದು ತೀರ್ಮಾನಿಸಿ ಅವಳನ್ನು ಅಧ್ಯಯನದಿಂದ ಕೈಬಿಡಲಾಯಿತು.

ಕೂಡುವ ಮುನ್ನ ಅವಳು ಒಂದು ಪ್ರಶ್ನೆ ಕೇಳಿದಳು. ‘ಆ ರಾಜಂ, ಊರು ಬಿಟ್ಟು ಹೋದ ಮ್ಯಾಲೆ ಸ್ವಾಮಿಗೆ ಕಾಗದ ಬರದ್ನೇನ್ರೀ? ಪುಸ್ತಕದಾಗ ಇಲ್ಲ.’

ಪುಸ್ತಕದಲ್ಲಿ ಇಲ್ಲ ಎಂದು ತಿಳಿದ ಕೂಡಲೇ ಸಭೆಗೆ ಜೀವ ಬಂತು. ಕೊಪ್ಪಳದವರು ಬರೆದೇ ಇರುತ್ತಾನೆ ಎಂದರು, ಅಧಿಕಾರಿಯ ಮಗ, ಪತ್ರ ವ್ಯವಹಾರ ರಕ್ತದಲ್ಲಿರುತ್ತದೆ. ಗಂಗಾವತಿಯವರು ಅಂಚೆ ವೆಚ್ಚ ಯಾರು ಕೊಡಬೇಕಿತ್ತೆಂದು ಕೇಳಿದರು. ಕುಷ್ಟಗಿಯವರು ಹೋದವರು ಕಾಗದ ಬರೆಯುವುದಿಲ್ಲ, ಹಬ್ಬಕ್ಕೆ ಬಂದರೆ ಬಂದರು ಎಂದರು. ಯಲಬುರ್ಗಾದವರು ತಾಮ್ರಪಟ ಕೇಳಿದರು. ರಾತ್ರಿ ದೀಪ ಆರಿಸುವ ಹೊತ್ತಿಗೆ ನಿವೃತ್ತ ಅಂಚೆ ಮಾಸ್ತರರೊಬ್ಬರು ಎದ್ದು, ಆ ಕಾಗದ ಬಂದಿತ್ತು, ಸ್ಟಾಂಪು ಕಡಿಮೆ ಹಚ್ಚಿದ್ದರಿಂದ ದಂಡ ಬಿದ್ದಿತ್ತು, ಹುಡುಗ ದಂಡ ಕಟ್ಟದ ಕಾರಣ ವಾಪಸು ಹೋಯಿತು ಎಂದು ಲಿಖಿತ ಹೇಳಿಕೆ ಕೊಟ್ಟರು. ಅದನ್ನು ಈ ವರದಿಯ ಅನುಬಂಧವಾಗಿ ಸೇರಿಸಲಾಗಿದೆ.